ಘನಾಕೃತಿಗಳ ಗಣನೆ

ಉಪ್ಪಿನ ಹರಳೊಂದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರೆ ಆರು ಚೌಕಗಳಿಂದ ಕೂಡಿದ ಘನದ ರೂಪವು ಕಾಣುತ್ತದೆ. ಅದರ ಮುಖಗಳೆಲ್ಲವೂ ಒಂದೇ ಅಳತೆಯವು, ಮೂಲೆಗಳೆಲ್ಲವೂ ಒಂದೇ ಬಗೆಯವು. ಎಲ್ಲಿಯೂ ಒಳಕ್ಕೆ ತಗ್ಗಿಲ್ಲ. ಇಂತಹ ಸಮತೆಯುಳ್ಳ ಆಕೃತಿಗಳು ಇನ್ನೆಷ್ಟಿವೆ? ಕಂಡ ವಸ್ತುವಿಗೆ ಹೆಸರಿಡುವುದು ಸುಲಭ; ಕಾಣಬೇಕಾದುದು ಇನ್ನೇನೂ ಉಳಿದಿಲ್ಲವೆಂದು ನಿಶ್ಚಯಿಸುವುದು ಕಷ್ಟ. ಈ ನಿಶ್ಚಯವನ್ನು ಗಣಿತಜ್ಞರು ಹೇಗೆ ಪಡೆದರು, ಎಲ್ಲಿ ಎಡವಿದರು ಎಂಬುದೇ ಈ ಹೊತ್ತಿನ ಭಾಷಣದ ವಿಷಯ.

ಪ್ರಾಚೀನ ಗ್ರೀಕರಿಗೆ ಇಂತಹ ಐದು ಆಕೃತಿಗಳು ತಿಳಿದಿದ್ದುವು. ನಾಲ್ಕು ಸಮಭುಜ ತ್ರಿಕೋಣಗಳಿಂದಾದುದು ಚತುರ್ಮುಖಿ, ಎಂಟರಿಂದಾದುದು ಅಷ್ಟಮುಖಿ, ಇಪ್ಪತ್ತರಿಂದಾದುದು ವಿಂಶತಿಮುಖಿ. ಆರು ಚೌಕಗಳಿಂದಾದುದು ಘನ. ಹನ್ನೆರಡು ಸಮಪಂಚಭುಜಗಳಿಂದಾದುದು ದ್ವಾದಶಮುಖಿ. ಪ್ಲೇಟೋ ತನ್ನ 'ಟಿಮಾಯಸ್' ಎಂಬ ಸಂವಾದದಲ್ಲಿ ಅಗ್ನಿಗೆ ಚತುರ್ಮುಖಿಯನ್ನೂ, ಪೃಥ್ವಿಗೆ ಘನವನ್ನೂ, ವಾಯುವಿಗೆ ಅಷ್ಟಮುಖಿಯನ್ನೂ, ಜಲಕ್ಕೆ ವಿಂಶತಿಮುಖಿಯನ್ನೂ ಹೊಂದಿಸಿ, ಐದನೆಯದನ್ನು ಸಮಸ್ತ ವಿಶ್ವಕ್ಕೆ ಮೀಸಲಿಟ್ಟನು. ಕಲ್ಪನೆ ರಮ್ಯವಾದುದು, ಆದರೆ ಆರನೆಯದೊಂದು ಇಲ್ಲವೆಂಬುದಕ್ಕೆ ಅದು ಪ್ರಮಾಣವಾಗಲಾರದು. ಆ ಪ್ರಮಾಣವು ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡನು ರಚಿಸಿದ ಗ್ರಂಥದ ಹದಿಮೂರನೆಯ ಭಾಗದ ಕೊನೆಯಲ್ಲಿ ದೊರೆಯುತ್ತದೆ.

ರೇಡಿಯೋವಿನಲ್ಲಿ ಚಿತ್ರವನ್ನು ತೋರಿಸಲಾಗದು; ಆದರೆ ಕಾಗದವೂ ಕತ್ತರಿಯೂ ಇದ್ದರೆ ಶ್ರೋತೃಗಳು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಮೂಲೆಯಲ್ಲಿ ಕಡೆಯಪಕ್ಷ ಮೂರು ಮುಖಗಳು ಕೂಡಬೇಕು. ಅಲ್ಲಿ ಸೇರುವ ಕೋನಗಳ ಮೊತ್ತವು 360 ಡಿಗ್ರಿಗಿಂತ ಕಡಮೆಯಾಗಿರಬೇಕು. ಸಮಭುಜ ತ್ರಿಕೋಣದ ಕೋನ 60 ಡಿಗ್ರಿ. ಮೂರು, ನಾಲ್ಕು ಅಥವಾ ಐದು ತ್ರಿಕೋಣಗಳನ್ನು ಕೂಡಿಸಿದರೆ ಮೂಲೆಯು ಏಳುತ್ತದೆ. ಆರನ್ನು ಕೂಡಿಸಿದರೆ ಕಾಗದವು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಚೌಕಗಳಾದರೆ ಮೂರು ಮಾತ್ರ. 108 ಡಿಗ್ರಿಯ ಪಂಚಭುಜಗಳೂ ಮೂರು ಮಾತ್ರ. ಷಡ್ಭುಜಗಳು ಮೂರು ಸೇರಿದೊಡನೆಯೇ 360 ಡಿಗ್ರಿ ತುಂಬಿಹೋಗುತ್ತದೆ. ಆದುದರಿಂದ ಐದೇ, ಆರನೆಯದಕ್ಕೆ ಎಡೆಯಿಲ್ಲ.

ಮುಖಗಳೆಲ್ಲವೂ ಒಂದೇ ಜಾತಿಯವಾಗಿರಬೇಕೆಂಬ ಕಟ್ಟನ್ನು ಸಡಿಲಿಸಿದರೆ ಪ್ರಶ್ನೆಯು ಮತ್ತೆ ತೆರೆಯುತ್ತದೆ. ಚೌಕ, ತ್ರಿಕೋಣ, ಪಂಚಭುಜಗಳನ್ನು ಬೆರಸಿ, ಮೂಲೆಗಳನ್ನು ಮಾತ್ರ ಏಕರೀತಿಯಲ್ಲಿರಿಸಿದ ಹದಿಮೂರು ಆಕೃತಿಗಳನ್ನು ಆರ್ಕಿಮಿಡೀಸನು ಕಂಡುಹಿಡಿದನು. ಅವನ ಬರಹವು ನಷ್ಟವಾಗಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಪಾಪಸನು ಕೊಟ್ಟಿರುವ ಪಟ್ಟಿಯಿಂದಲೇ ನಾವು ಇದನ್ನು ಬಲ್ಲೆವು. 1619ರಲ್ಲಿ ಯೋಹಾನೆಸ್ ಕೆಪ್ಲರನು 'ಹಾರ್ಮೊನಿಸಸ್ ಮುಂಡಿ' ಎಂಬ ಗ್ರಂಥದಲ್ಲಿ ಈ ಹದಿಮೂರನ್ನೂ ಕ್ರಮವಾಗಿ ಸಾಧಿಸಿ ಹೆಸರಿಟ್ಟನು. ಎರಡು ಸಮಬಹುಭುಜಗಳ ನಡುವೆ ಚೌಕಗಳನ್ನೋ ತ್ರಿಕೋಣಗಳನ್ನೋ ಸುತ್ತುಗಟ್ಟಿದ, ಕೊನೆಯಿಲ್ಲದ ಎರಡು ಸಾಲುಗಳನ್ನು ಬೇರೆಯಾಗಿ ಇರಿಸಿದರೆ ಲೆಕ್ಕವು ಮುಗಿಯಿತೆಂದೇ ಎಲ್ಲರೂ ಭಾವಿಸಿದರು.

ಆದರೆ ಆ ಹದಿಮೂರರಲ್ಲಿ ಹದಿನೆಂಟು ಚೌಕಗಳೂ ಎಂಟು ತ್ರಿಕೋಣಗಳೂ ಉಳ್ಳುದೊಂದಿದೆ. ಅದರ ಪ್ರತಿಯೊಂದು ಮೂಲೆಯಲ್ಲಿಯೂ ಮೂರು ಚೌಕಗಳೂ ಒಂದು ತ್ರಿಕೋಣವೂ ಸೇರುತ್ತವೆ. ಅದರ ಮೇಲ್ಭಾಗವನ್ನು ಮುಚ್ಚಳದಂತೆ ಬಿಡಿಸಿ, 45 ಡಿಗ್ರಿ ತಿರುಗಿಸಿ ಮತ್ತೆ ಕೂಡಿಸಿರಿ. ಮೂಲೆಗಳಲ್ಲಿ ಕೂಡುವ ಮುಖಗಳು ಮೊದಲಿನಂತೆಯೇ ಇರುತ್ತವೆ. ಆಕೃತಿಯು ಮಾತ್ರ ಬೇರೆಯಾಗಿರುತ್ತದೆ! ಒಂದು ಬಗೆಯ ಮೂಲೆಯಿಂದ ಒಂದೇ ಆಕೃತಿಯು ಹುಟ್ಟುವುದೆಂಬ ನಂಬಿಕೆಯು ಇಲ್ಲಿ ಮುರಿಯಿತು. ಈ ಹದಿನಾಲ್ಕನೆಯದನ್ನು 1905ರಲ್ಲಿ ಡಂಕನ್ ಸಾಮರ್‌ವಿಲ್ ಅವರೂ, ಬಳಿಕ ಜೆ. ಸಿ. ಪಿ. ಮಿಲ್ಲರ್ ಅವರೂ ಗುರುತಿಸಿದರು.

ಹಾಗಾದರೆ ಲೆಕ್ಕವು ಹದಿಮೂರೋ, ಹದಿನಾಲ್ಕೋ? ಮೂಲೆಗಳ ಸುತ್ತಣ ಜೋಡಣೆಯನ್ನಷ್ಟೇ ನೋಡುವುದಾದರೆ ಹದಿನಾಲ್ಕು. ಯಾವ ಮೂಲೆಯನ್ನಾದರೂ ಇನ್ನಾವ ಮೂಲೆಯ ಸ್ಥಳಕ್ಕಾದರೂ ತಂದಾಗ ಇಡಿಯ ಆಕೃತಿಯು ತನ್ನ ಮೇಲೆ ತಾನೇ ಹೊಂದಿಕೊಳ್ಳಬೇಕೆನ್ನುವುದಾದರೆ ಹದಿಮೂರು. ಮೊದಲನೆಯ ಲಕ್ಷಣವನ್ನು ಹೇಳಿ ಎರಡನೆಯದರ ಸಂಖ್ಯೆಯನ್ನು ಕೊಡುವ ಪುಸ್ತಕಗಳು ಬಹುಕಾಲ ಬಂದುವು. ಈ ದೋಷವನ್ನು ಬ್ರಾಂಕೊ ಗ್ರುನ್‌ಬಾಮ್ ಅವರು 2009ರ ಲೇಖನವೊಂದರಲ್ಲಿ ಎತ್ತಿ ತೋರಿಸಿದರು.

ಮೂಲೆಗಳ ಸಮತೆಯನ್ನೂ ಕೈಬಿಟ್ಟು, ಮುಖಗಳು ಸಮಬಹುಭುಜಗಳಾಗಿದ್ದರೆ ಸಾಕೆಂದುಕೊಂಡು 1966ರಲ್ಲಿ ನಾರ್ಮನ್ ಜಾನ್ಸನ್ ಅವರು ಮತ್ತೆ 92 ಆಕೃತಿಗಳನ್ನು ಪಟ್ಟಿಮಾಡಿದರು. ಆ ತಿರುಗಿಸಿದ ಆಕೃತಿಗೂ ಅಲ್ಲಿ ಸ್ಥಳ ದೊರೆಯಿತು. ಇವುಗಳ ಹೊರತು ಬೇರೆಯಿಲ್ಲವೆಂಬುದನ್ನು ಅದೇ ದಶಕದಲ್ಲಿ ರಷ್ಯಾದ ವಿಕ್ಟರ್ ಝಲ್‌ಗಾಲ್ಲರ್ ಅವರು ಸಾಧಿಸಿಕೊಟ್ಟರು. ಐದು, ಹದಿಮೂರು, ತೊಂಬತ್ತೆರಡು ಎಂದು ಕಂಠಪಾಠ ಮಾಡುವ ವಿದ್ಯಾರ್ಥಿಯು ಪ್ರತಿಯೊಂದು ಸಂಖ್ಯೆಯ ಮುಂದೆಯೂ ಅದಕ್ಕೆ ಆಧಾರವಾದ ಲಕ್ಷಣವನ್ನು ಬರೆದಿಡಬೇಕು. ಲಕ್ಷಣವು ಸ್ಪಷ್ಟವಾಗಿದ್ದಲ್ಲಿ ಮಾತ್ರ 'ಇಷ್ಟೇ' ಎಂಬ ಮಾತಿಗೆ ಅರ್ಥವುಂಟು.