ಕುದಿನೀರಿಗೂ ಸಾಯದ ಬೀಜಾಣು

1895ರ ಡಿಸೆಂಬರ್ 14ರಂದು ಬೆಲ್ಜಿಯಂ ದೇಶದ ಎಲ್ಜೆಲ್ ಎಂಬ ಹಳ್ಳಿಯಲ್ಲಿ ವೃದ್ಧರೊಬ್ಬರ ಶವಸಂಸ್ಕಾರವಾಯಿತು. ವಾದ್ಯ ನುಡಿಸಿದ ಊರಿನ ಮೇಳದವರು ಅನಂತರ ಅಲ್ಲಿಯೇ ಊಟಕ್ಕೆ ಕುಳಿತರು. ಬಡಿಸಿದ್ದು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ, ಬೇಯಿಸದ ಹಂದಿಯ ತೊಡೆಮಾಂಸ. ತಿಂದವರಿಗೆ ಕಣ್ಣು ಮಂಜಾಯಿತು, ಒಂದು ಎರಡಾಗಿ ಕಂಡಿತು, ಗಂಟಲಲ್ಲಿ ತುತ್ತು ಇಳಿಯದಾಯಿತು. ವಾರದೊಳಗೆ ಮೂವರು ಸತ್ತರು.

ಗೆಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್ ಉಳಿದ ಮಾಂಸವನ್ನು ಪರೀಕ್ಷಿಸಿ, ಗಾಳಿಯಿಲ್ಲದೆಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಹಿಡಿದರು; 1897ರಲ್ಲಿ ವರದಿ ಪ್ರಕಟಿಸಿದರು. ಜರ್ಮನಿಯಲ್ಲಿ ಇದೇ ಕಾಯಿಲೆಯನ್ನು ಕವಿಯೂ ವೈದ್ಯನೂ ಆಗಿದ್ದ ಯುಸ್ಟಿನುಸ್ ಕೆರ್ನರ್ 1820ರ ಸುಮಾರಿಗೇ ‘ಸಾಸೇಜ್ ವಿಷ’ವೆಂದು ವರ್ಣಿಸಿದ್ದ. ಸಾಸೇಜಿನ ಲ್ಯಾಟಿನ್ ಹೆಸರಿನಿಂದಲೇ ಬಾಟ್ಯುಲಿಸಂ ಎಂಬ ಪದ ಬಂತು.

ನಮಗೆ ಸ್ವಾರಸ್ಯವೆನಿಸುವುದು ಬೇರೊಂದು ಸಂಗತಿ. ಅದೇ ಹಂದಿಯ ಇನ್ನೊಂದು ತೊಡೆ ಅದೇ ಪೀಪಾಯಿಯಲ್ಲಿ ಮೇಲುಗಡೆ ಇತ್ತು. ಅದರಿಂದ ಯಾರಿಗೂ ಕೇಡಾಗಲಿಲ್ಲ. ತಳದಲ್ಲಿ ಮುಳುಗಿ ಗಾಳಿ ಕಾಣದಿದ್ದ ತುಂಡಿನಲ್ಲಿ ಮಾತ್ರ ಮಲಗಿದ್ದ ಬೀಜಾಣು ಎದ್ದು ಕುಳಿತಿತ್ತು! ಮಾಂಸವೋ, ಕೊಳೆತಂತೆಯೂ ಇರಲಿಲ್ಲವಂತೆ.

ಕೆಲವು ಬ್ಯಾಕ್ಟೀರಿಯಾ ಹೀಗೆ ಗಟ್ಟಿ ಕವಚದೊಳಗೆ ಉಸಿರಡಗಿಸಿ ಕುದಿನೀರನ್ನೂ ತಾಳುತ್ತವೆಂದು ಫರ್ಡಿನಾಂಡ್ ಕೋನ್ 1876ರಲ್ಲಿ ಹುಲ್ಲಿನ ಕಷಾಯದಲ್ಲಿ ತೋರಿಸಿದ್ದ. ಮರುವರ್ಷ ಲಂಡನ್ನಿನ ಜಾನ್ ಟಿಂಡಾಲ್ ಒಂದು ಉಪಾಯ ಹೂಡಿದ: ಕುದಿಸು, ಬಿಡು, ಬೀಜಾಣು ಮೊಳೆತಾಗ ಮತ್ತೆ ಕುದಿಸು. ಎದ್ದ ಮೇಲೆ ಅದಕ್ಕೆ ಕವಚವಿಲ್ಲ, ಸುಲಭವಾಗಿ ಸಾಯುತ್ತದೆ. ಡಬ್ಬಿ ತುಂಬುವ ಕಾರ್ಖಾನೆಗಳು ಇಷ್ಟು ಕಾಯಲಾರವು. ಅವು ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಏರಿಸುತ್ತವೆ. ನಮ್ಮ ಮನೆಯ ಕುಕ್ಕರಿನ ಶಾಖವೂ ಇದರ ಹತ್ತಿರದ್ದೇ. ವಿಚಿತ್ರವೆಂದರೆ, ಬೀಜಾಣು ಕುದಿತವನ್ನು ತಾಳಿದರೂ ಅದು ಎದ್ದು ಉಗುಳುವ ವಿಷ ತಾಳದು, ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ.

ಬೀಜಾಣುವನ್ನೇ ನುಂಗಿದರೆ? ಬೆಳೆದವರ ಕರುಳು ಸಾಮಾನ್ಯವಾಗಿ ಅದನ್ನು ಏಳಗೊಡುವುದಿಲ್ಲ. ಆದರೆ 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹಸುಗೂಸುಗಳ ಕರುಳಿನಲ್ಲೇ ಅದು ಮೊಳೆತು ವಿಷ ಬಿಡುತ್ತದೆಂದು ಗೊತ್ತಾಯಿತು. ಮೊದಲು ಮಲಬದ್ಧತೆ, ಆಮೇಲೆ ಅಳುವಿನ ದನಿ ಕುಗ್ಗುವುದು, ಹಾಲು ಚೀಪಲಾಗದಿರುವುದು, ಕತ್ತು ಜೋಲುವುದು. ಮಣ್ಣು, ಧೂಳಿನಿಂದಲೂ ಬೀಜಾಣು ಬರಬಹುದು; ತಿನ್ನಿಸುವ ಪದಾರ್ಥಗಳಲ್ಲಿ ಸಿಕ್ಕಿಬಿದ್ದದ್ದು ಜೇನು. ಹುಟ್ಟಿದ ಮಗುವಿನ ನಾಲಗೆಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬಾಣಂತನಕ್ಕೆಂದು ಊರಿನಿಂದ ಬರುವ ಅಜ್ಜಿಯ ಚೀಲದಲ್ಲಿ ಮಲೆನಾಡಿನ ಜೇನಿನ ಸೀಸೆಯೂ ಇರುವುದುಂಟು. ಜೇನು ಎಷ್ಟೇ ಶುದ್ಧವಾಗಿರಲಿ, ವರ್ಷ ತುಂಬುವ ತನಕ ಅದು ಅಜ್ಜಿಗೇ ಇರಲಿ ಎನ್ನುತ್ತಾರೆ ಮಕ್ಕಳ ವೈದ್ಯರು.