ಕಾರ್ಯಾಗಾರ ಮುಗಿದ ಮೇಲಿನ ಕಲಿಕೆ

ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು, ಅವರ ಪರ ನಿಂತ ವೈದ್ಯರು ವರ್ಷಗಟ್ಟಲೆ ಪಟ್ಟು ಹಿಡಿದದ್ದರ ಫಲ ಅದು. ಹೆಸರೇನೋ ಸಿಕ್ಕಿತು, ಎದುರು ಕೂತವರಿಗೆ ಆ ಕಾಯಿಲೆ ಇದೆಯೋ ಇಲ್ಲವೋ ಎಂಬ ಬಗ್ಗೆ ಇಬ್ಬರು ಚಿಕಿತ್ಸಕರು ಒಂದೇ ಉತ್ತರಕ್ಕೆ ಬರುವ ದಾರಿ ಇನ್ನೂ ಕಂಡಿರಲಿಲ್ಲ. 1989ರಲ್ಲಿ ಅಲ್ಲಿನ ಮಾಜಿ ಸೈನಿಕರ ಇಲಾಖೆ ಈ ಕಾಯಿಲೆಗೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ತೆರೆಯಿತು. ಕ್ಯಾಪ್ಸ್ ಎಂಬ ಸಂದರ್ಶನ ವಿಧಾನ ರೂಪುಗೊಂಡಿದ್ದು ಅಲ್ಲಿ. ‘ನಿದ್ದೆ ಸರಿಯಾಗಿ ಬರುತ್ತಾ?’ ಎಂದು ಕೇಳಿ ಮುಂದಕ್ಕೆ ಹೋಗಲು ಅದು ಬಿಡುವುದಿಲ್ಲ. ಕಳೆದ ತಿಂಗಳಲ್ಲಿ ಎಷ್ಟು ರಾತ್ರಿ ಹೀಗಾಯಿತು, ಪ್ರತಿ ಸಲ ಎಷ್ಟು ತೀವ್ರವಾಗಿತ್ತು, ಈ ತೊಂದರೆ ಆ ಘಟನೆಯ ನಂತರ ಶುರುವಾದದ್ದೋ ಮೊದಲೇ ಇತ್ತೋ ಎಂದು ಒಂದೊಂದು ಲಕ್ಷಣವನ್ನೂ ಬಿಡಿಸಿ ಕೇಳಬೇಕು. ಹೀಗೆ ಕೇಳುವುದು ಕಲಿತು ಬರಬೇಕಾದ ಕೌಶಲ. ರೋಗನಿರ್ಣಯ ಹಿರಿಯ ವೈದ್ಯರ ಅಂತಃಪ್ರಜ್ಞೆಯ ಹಿಡಿತದಿಂದ ಹೊರಬಂದು, ಕಲಿಸಬಹುದಾದ, ತಪ್ಪಿದರೆ ತಿದ್ದಬಹುದಾದ ಕೆಲಸವಾದದ್ದು ಈ ಕ್ಷೇತ್ರದ ಮೊದಲ ನಿಜವಾದ ಜಿಗಿತ ಎಂದು ನನ್ನ ಎಣಿಕೆ.

ಕಾಯಿಲೆಗೆ ಹೆಸರು ಕೊಡಿಸಿದವರು ಸೈನಿಕರಾದರೂ ಚಿಕಿತ್ಸೆಗಳು ಹದಗೊಂಡಿದ್ದು ಬಹುಪಾಲು ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ನಡುವೆ. ಎಡ್ನಾ ಫೋವಾ 1991ರಲ್ಲಿ, ಪೆಟ್ರೀಷಿಯಾ ರೆಸಿಕ್ 1992ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇಂದಿಗೂ ತಳಪಾಯವಾಗಿವೆ. ಫೋವಾ ಅವರ ವಿಧಾನದಲ್ಲಿ ರೋಗಿ ಕಣ್ಣು ಮುಚ್ಚಿ ಆ ನೆನಪನ್ನು ಮತ್ತೆ ಮತ್ತೆ, ವಿವರವಾಗಿ ಹೇಳುತ್ತಾರೆ. ಇಷ್ಟು ದಿನ ದೂರವಿಟ್ಟಿದ್ದ ಜಾಗಗಳಿಗೆ ಹಂತಹಂತವಾಗಿ ಹೋಗುತ್ತಾರೆ. ‘ತಪ್ಪು ನನ್ನದೇ’ ಎಂಬಂಥ ಗಟ್ಟಿಯಾಗಿ ಕೂತ ನಂಬಿಕೆಗಳನ್ನು ಬರೆದು, ಪ್ರಶ್ನಿಸಿ ಸಡಿಲಿಸುವುದು ರೆಸಿಕ್ ಅವರ ದಾರಿ. ಹೊಸ ಶತಮಾನದ ಹೊತ್ತಿಗೆ ಎರಡಕ್ಕೂ ಸಾಕಷ್ಟು ಪುರಾವೆ ಕೂಡಿತ್ತು. ಆದರೂ 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅಮೆರಿಕದ ಮನೋವಿಜ್ಞಾನಿಗಳನ್ನು ಕೇಳಿದಾಗ, ನೆನಪನ್ನು ಎದುರಿಸುವ ಚಿಕಿತ್ಸೆಯನ್ನು ಬಹುತೇಕರು ಬಳಸುತ್ತಿರಲಿಲ್ಲ. ತರಬೇತಿಯ ಕೊರತೆಯ ಜೊತೆಗೆ, ಹೇಳಿಸಿದರೆ ರೋಗಿ ಕುಸಿದಾರು ಎಂಬ ಅಂಜಿಕೆಯೂ ಅವರನ್ನು ತಡೆಯುತ್ತಿತ್ತು. ಫೋವಾ ಮತ್ತು ಸಂಗಡಿಗರು 2002ರಲ್ಲೇ ಈ ಅಂಜಿಕೆಯನ್ನು ಪರೀಕ್ಷಿಸಿದ್ದರು: ಕೆಲವರ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚಿದರೂ ಅಂಥವರು ಅರ್ಧಕ್ಕೆ ಬಿಟ್ಟು ಹೋಗಲಿಲ್ಲ, ಕೊನೆಯಲ್ಲಿ ಉಳಿದವರಷ್ಟೇ ಸುಧಾರಿಸಿದರು. ಹಾಗಿದ್ದೂ ಅಂಜಿಕೆ ಹೋಗಲಿಲ್ಲವೆಂದರೆ, ನೆನಪಿನಿಂದ ರೋಗಿ ತಪ್ಪಿಸಿಕೊಳ್ಳುವಂತೆ ಚಿಕಿತ್ಸಕರೂ ತಪ್ಪಿಸಿಕೊಳ್ಳುತ್ತಿದ್ದರು ಎನ್ನಬೇಕು. ಅದೇ ಕಾಲದಲ್ಲಿ ಸಲೀಸಾಗಿ ಹಬ್ಬಿದ್ದು ‘ಡಿಬ್ರೀಫಿಂಗ್’: ಘಟನೆಯಾದ ಕೆಲವೇ ದಿನಗಳಲ್ಲಿ, ಒಂದೇ ಬೈಠಕ್‌ನಲ್ಲಿ ಎಲ್ಲವನ್ನೂ ಹೇಳಿಸಿಬಿಡುವುದು. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಹಿಂಬಾಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಲ್ಲಿ ಹೆಚ್ಚು ನರಳುತ್ತಿದ್ದವರಿಗೆ ಅದರಿಂದ ಕೆಡುಕೇ ಆಗಿತ್ತು. ಕಲಿಸಲು ಸುಲಭ ಎಂಬ ಕಾರಣಕ್ಕೇ ಒಂದು ವಿಧಾನ ಹರಡಬಲ್ಲದು.

1998ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಓಮಾ ಪಟ್ಟಣದಲ್ಲಿ ಬಾಂಬು ಸಿಡಿದು 29 ಮಂದಿ ಸತ್ತರು. ಆಘಾತ ಚಿಕಿತ್ಸೆಯಲ್ಲಿ ಪರಿಣತಿಯಿಲ್ಲದ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸಕರಿಗೆ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಅವರು ನೋಡಿದ 91 ರೋಗಿಗಳ ಸುಧಾರಣೆ ವಿಶ್ವವಿದ್ಯಾಲಯದ ಪ್ರಯೋಗಗಳಿಗೆ ಸಮನಾಗಿತ್ತು. ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಹೊರಟದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆ. 2006ರಿಂದ ಆರಂಭವಾದ ಅದರ ಯೋಜನೆಯಲ್ಲಿ ಕಾರ್ಯಾಗಾರ ಮೂರು ನಾಲ್ಕು ದಿನದ್ದು. ಅದಾದ ಮೇಲೆ ತಿಂಗಳುಗಟ್ಟಲೆ, ವಾರಕ್ಕೊಮ್ಮೆ, ತಾವು ನೋಡುತ್ತಿರುವ ರೋಗಿಗಳ ಬಗ್ಗೆ ಅನುಭವಿಗಳ ಜೊತೆ ಫೋನಿನಲ್ಲಿ ಚರ್ಚೆ. ಹೀಗೆ ತರಬೇತಿ ಪಡೆದ 804 ಚಿಕಿತ್ಸಕರು ನೋಡಿದ 1,931 ಮಂದಿಯ ಲೆಕ್ಕ 2013ರಲ್ಲಿ ಬಂತು: ಪ್ರಶ್ನಾವಳಿಯ ಪ್ರಕಾರ ಕಾಯಿಲೆ ಇದ್ದವರ ಪ್ರಮಾಣ ಶೇ 87.6ರಿಂದ ಶೇ 46.2ಕ್ಕೆ ಇಳಿದಿತ್ತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಸೈನಿಕರ ಮೇಲಿನ ಪ್ರಯೋಗಗಳನ್ನು 2015ರಲ್ಲಿ ಒಟ್ಟಾಗಿ ಪರಿಶೀಲಿಸಿದವರು, ಈ ಚಿಕಿತ್ಸೆಗಳ ನಂತರವೂ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಕಾಯಿಲೆ ಉಳಿದೇ ಇತ್ತು ಎಂದರು. ಈ ಚಿಕಿತ್ಸೆಗಳನ್ನು ರಾಮಬಾಣ ಎಂದು ಮಾರುವವರ ಬಾಯಿ ಕಟ್ಟಲು ಅಷ್ಟು ಸಾಕು. ತರಬೇತಿಯ ಪ್ರಶ್ನೆಗೆ ಮಾತ್ರ ಉತ್ತರ ಬೇರೆ ಕಡೆಯಿಂದ ಬಂತು. ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಕಾರ್ಯಾಗಾರ ಮುಗಿಸಿದ ಚಿಕಿತ್ಸಕರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು. ಕಾರ್ಯಾಗಾರದ ನಂತರ ಚರ್ಚೆಯ ರೂಪದ ಸಮಾಲೋಚನೆ ಸಿಕ್ಕವರ ರೋಗಿಗಳು, ಯಾವ ಸಮಾಲೋಚನೆಯೂ ಸಿಗದವರ ರೋಗಿಗಳಿಗಿಂತ ಹೆಚ್ಚು ಸುಧಾರಿಸಿದರು. ಬೈಠಕ್‌ನ ಧ್ವನಿಮುದ್ರಣ ಕೇಳಿ ತಿದ್ದಿದ ಗುಂಪು ಬರೀ ಚರ್ಚಿಸಿದ ಗುಂಪನ್ನು ಮೀರಿಸಲಿಲ್ಲ ಎಂಬುದು ಕುತೂಹಲದ ಸಂಗತಿ. ಕಾವಲಿಗಿಂತ ಜೊತೆಗಿದ್ದು ಯೋಚಿಸುವವರು ಮುಖ್ಯ ಎಂದು ನಾನು ಇದನ್ನು ಓದುತ್ತೇನೆ.

ಇಷ್ಟೆಲ್ಲ ಸಿರಿವಂತ ದೇಶಗಳಿಗೆ ಸರಿ, ಮನೋವಿಜ್ಞಾನಿಗಳೇ ಇಲ್ಲದ ಕಡೆ ಏನು ಗತಿ ಎನ್ನುವವರು ಆಫ್ರಿಕಾದತ್ತ ನೋಡಬೇಕು. ಉಗಾಂಡದ ನಕಿವಾಲೆ ಶಿಬಿರದಲ್ಲಿ ನಿರಾಶ್ರಿತರೊಳಗಿಂದಲೇ ಆರಿಸಿ ತರಬೇತುಗೊಳಿಸಿದ ಸಾಮಾನ್ಯ ಜನ ರುವಾಂಡ ಮತ್ತು ಸೊಮಾಲಿಯಾದ ನಿರಾಶ್ರಿತರಿಗೆ ಚಿಕಿತ್ಸೆ ನೀಡಿದರು. 2008ರ ವರದಿಯಂತೆ, ಬದುಕಿನ ಕಥನವನ್ನು ಹೇಳಿಸುವ ವಿಧಾನದಲ್ಲಿ ಶೇ 70, ಹೆಚ್ಚು ಸಡಿಲವಾದ ಆಪ್ತಸಮಾಲೋಚನೆಯಲ್ಲಿ ಶೇ 65 ಮಂದಿ ಕಾಯಿಲೆಯ ಮಿತಿಯಿಂದ ಹೊರಬಂದರು; ಬರೀ ಗಮನಿಸಿದ ಗುಂಪಿನಲ್ಲಿ ಶೇ 37. ವಿಧಾನಗಳ ನಡುವಿನ ಅಂತರ ಇಷ್ಟು ಕಿರಿದಾದರೆ ಕೈಪಿಡಿ ಏಕೆ ಬೇಕು ಎಂದು ಕೇಳಬಹುದು. 2013ರ ಕಾಂಗೋ ಅಧ್ಯಯನ ಸ್ವಲ್ಪ ಉತ್ತರಿಸುತ್ತದೆ. ಲೈಂಗಿಕ ಹಿಂಸೆಗೆ ಒಳಗಾದ 405 ಮಹಿಳೆಯರಲ್ಲಿ, ರೆಸಿಕ್ ಅವರ ವಿಧಾನವನ್ನು ಗುಂಪಿನಲ್ಲಿ ಪಡೆದವರು ವೈಯಕ್ತಿಕ ಬೆಂಬಲವಷ್ಟೇ ಸಿಕ್ಕವರಿಗಿಂತ ಸ್ಪಷ್ಟವಾಗಿ ಹೆಚ್ಚು ಚೇತರಿಸಿಕೊಂಡರು. ನಡೆಸಿಕೊಟ್ಟವರಿಗೆ ದೊಡ್ಡ ಪದವಿಗಳಿರಲಿಲ್ಲ. ಬೆನ್ನಿಗೆ ಸ್ಥಳೀಯ ಮೇಲ್ವಿಚಾರಕರಿದ್ದರು, ಅವರ ಹಿಂದೆ ದೂರದ ತರಬೇತುದಾರರಿದ್ದರು. ಕೈಪಿಡಿ ಚಿಕಿತ್ಸಕನ ಕಲೆಯನ್ನು ಕೊಲ್ಲುತ್ತದೆ ಎಂಬ ಹಳೆಯ ದೂರು ಇಲ್ಲಿ ಸಪ್ಪೆಯಾಗುತ್ತದೆ. ರಾಗದ ಚೌಕಟ್ಟು ಕಲಿಯದೆ ಮನೋಧರ್ಮ ಹಾಡಲು ಹೊರಟವರನ್ನು ನಾವು ಕಲಾವಿದರು ಎನ್ನುವುದಿಲ್ಲ.

ನಮ್ಮಲ್ಲಿ ಈ ವಿಷಯಕ್ಕೆ ಇತಿಹಾಸ ಇಲ್ಲದಿಲ್ಲ. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಗೆ ಆಹುತಿಯಾದಾಗ, ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದ್ದರು. ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡುವುದರಲ್ಲಿ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮುಂದಿದ್ದರು. ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, 2004ರ ಸುನಾಮಿ ಹೊತ್ತಿಗೆ ಕಾರ್ಯಕರ್ತರಿಗೆಂದು ಸರಳ ಕೈಪಿಡಿಗಳೂ ಸಿದ್ಧವಾದವು. ಹೆಚ್ಚಿನ ಸಂತ್ರಸ್ತರು ಊರುಕೇರಿಯ ಆಸರೆಯಲ್ಲೇ ಚೇತರಿಸಿಕೊಳ್ಳುವುದರಿಂದ ಆ ಆಯ್ಕೆ ಸರಿಯಾಗಿಯೇ ಇತ್ತು. ಕೊರತೆ ಇರುವುದು ಮುಂದಿನ ಮೆಟ್ಟಿಲಲ್ಲಿ: ಚೇತರಿಸಿಕೊಳ್ಳದೆ ಉಳಿದವರನ್ನು ಗುರುತಿಸಿ, ವಾರಗಟ್ಟಲೆ ಚಿಕಿತ್ಸೆ ಮಾಡಬಲ್ಲವರು ಕಡಿಮೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಪಿಟಿಎಸ್‌ಡಿ ಕಂಡದ್ದು ಶೇ 0.2ರ ಆಸುಪಾಸು. ಭಾರತೀಯರು ಸಂಕಟವನ್ನು ಎದೆಯುರಿ, ಮೈಕೈ ನೋವು, ಸುಸ್ತು ಎಂದು ಹೇಳಿಕೊಳ್ಳುತ್ತಾರೆ, ಪರದೇಶದ ಅಳತೆಗೋಲು ಇಲ್ಲಿಗೆ ಹೊಂದದು ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಕ್ರಮಬದ್ಧ ಸಂದರ್ಶನವನ್ನು ಬಿಟ್ಟುಬಿಡಲು ಕಾರಣವಾಗದು. ಸುಸ್ತಿನ ಹಿಂದೆ ಒಂದು ಘಟನೆ ಇದೆಯೇ ಎಂದು ಕೇಳಬಲ್ಲವರನ್ನು ಕನ್ನಡದಲ್ಲೇ ತಯಾರು ಮಾಡಲು ಅದು ಕಾರಣವಾಗಬೇಕು.

ಅದಕ್ಕೆ ಬೇಕಾದ ವ್ಯವಸ್ಥೆಯ ಅರ್ಧ ಭಾಗ ಆಗಲೇ ಇದೆ. ನಿಮ್ಹಾನ್ಸ್ ವಿಡಿಯೊ ಮೂಲಕ ದೂರದ ಜಿಲ್ಲೆಗಳ ವೈದ್ಯರ ಜೊತೆ ನಿಯಮಿತವಾಗಿ ರೋಗಿಗಳ ಬಗ್ಗೆ ಚರ್ಚಿಸುವ ಜಾಲವನ್ನು ವ್ಯಸನ ಚಿಕಿತ್ಸೆಗಾಗಿ ಕಟ್ಟಿದೆ. 2018ರಿಂದ ಅದರ ಡಿಜಿಟಲ್ ಅಕಾಡೆಮಿಯೂ ನಡೆಯುತ್ತಿದೆ. ಅಮೆರಿಕದ ಯೋಜನೆಯಲ್ಲಿ ತರಬೇತಿ ಮುಗಿಸಿ ಅನುಭವ ಪಡೆದವರೇ ಮುಂದಿನ ತಂಡಕ್ಕೆ ಸಲಹೆಗಾರರಾದರು. ಇಲ್ಲಿಯೂ ಮೊದಲು ಬೇಕಾಗಿರುವುದು ಆ ಮೊದಲ ತಂಡ: ಜಿಲ್ಲಾ ಆಸ್ಪತ್ರೆಯಲ್ಲಿ ಅಪಘಾತ, ಅತ್ಯಾಚಾರ, ಮನೆಯೊಳಗಿನ ಹೊಡೆತ ಕಂಡವರಿಗೆ ಚಿಕಿತ್ಸೆಯನ್ನು ಪೂರ್ತಿ ಮಾಡಿ, ಮೊದಲು ಮತ್ತು ಕೊನೆಯಲ್ಲಿ ಅಳೆದು ತೋರಿಸಿದವರು. ಕಾರ್ಯಾಗಾರಕ್ಕೆ ಹಾಜರಾದವರ ತಲೆ ಎಣಿಸಿ ಅನುದಾನ ಕೊಡುವ ಪದ್ಧತಿಯಲ್ಲಿ ಅಂಥವರ ಲೆಕ್ಕ ಯಾವ ಕಾಲಂನಲ್ಲೂ ಬರುವುದಿಲ್ಲ.