ಕಟ್ಟಿಗೆ ಹೊರೆಯ ಹೆಸರು

ಹುಮನಾಬಾದ್ ತಾಲೂಕಿನ ಮೋಳಕೇರಾದಲ್ಲಿ ಒಂದು ಗುಹೆ ಇದೆ. ಹನ್ನೆರಡನೇ ಶತಮಾನದ ಮೋಳಿಗೆ ಮಾರಯ್ಯ ಇಲ್ಲೇ ಇದ್ದ ಅಂತ ಜನ ಹೇಳ್ತಾರೆ. ಮೋಳಿಗೆ ಅಂದರೆ ಕಟ್ಟಿಗೆ ಹೊರೆ. ಕಾಶ್ಮೀರದ ಅರಸನೊಬ್ಬ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ಬದುಕಿದ ಅನ್ನೋದು ಕಥೆ. ಅರಸನ ಹೆಸರಲ್ಲ, ಹೊರೆಯ ಹೆಸರು ಜನರ ಬಾಯಲ್ಲಿ ಉಳಿಯಿತು ನೋಡಿ.

ಅಲ್ಲಿಂದ ಬಸವಕಲ್ಯಾಣಕ್ಕೆ ಹೋದೆ. ಅಕ್ಕನಾಗಮ್ಮ, ನುಲಿಯ ಚಂದಯ್ಯ ಇವರ ಹೆಸರಿನ ಗುಹೆಗಳು, ತ್ರಿಪುರಾಂತ ಕೆರೆ, ಕೋಟೆಯೊಳಗಿನ ಮ್ಯೂಸಿಯಂ, ನೋಡೋಕೆ ಸಾಕಷ್ಟಿದೆ. ಆದರೆ ಶರಣರು ಕೂತು ಮಾತಾಡಿದರು ಅನ್ನುವ ಆ ಹಳೆಯ ಅನುಭವ ಮಂಟಪ ಇಲ್ಲ. ಈಗಿರುವುದು ಕಳೆದ ಶತಮಾನದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ್ದು. ಇನ್ನೂ ದೊಡ್ಡ ಮಂಟಪಕ್ಕೆ 2021ರಲ್ಲಿ ಸರ್ಕಾರ ಅಡಿಗಲ್ಲು ಹಾಕಿತು.

ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹೀಗಲ್ಲ. ರಾಬರ್ಟ್ ಓವೆನ್ 1800ರಲ್ಲಿ ಅಲ್ಲಿನ ಹತ್ತಿ ಗಿರಣಿಯ ಆಡಳಿತ ವಹಿಸಿಕೊಂಡು, ಕಾರ್ಮಿಕರ ಬದುಕು ಸುಧಾರಿಸೋಕೆ ಹೊರಟ. ಗಿರಣಿ, ಮನೆ, ಶಾಲೆ ಎಲ್ಲ ಇವತ್ತಿಗೂ ಜೋಪಾನವಾಗಿವೆ; ಅದು ವಿಶ್ವ ಪರಂಪರೆಯ ತಾಣ. ಆದರೆ ಜಗತ್ತಿಗೆ ಗೊತ್ತಿರುವ ಹೆಸರು ಮಾಲೀಕನದು.

ಕಲ್ಯಾಣದಲ್ಲಿ ಇದು ಉಲ್ಟಾ. ಕಟ್ಟಡ ಹೋಯಿತು, ದುಡಿದವರ ಹೆಸರೂ ಮಾತೂ ಉಳಿದವು. ಬತ್ತ ಕುಟ್ಟುವ ಕೊಟ್ಟಣದ ಸೋಮವ್ವ, ನೂಲುವ ಕದಿರ ರೆಮ್ಮವ್ವೆ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಅಂಕಿತ ಇಡಲೇ ಇಲ್ಲ. ಕಸುಬು ಸೇರಿಸಿ ತನ್ನ ಹೆಸರನ್ನೇ ವಚನಕ್ಕೆ ಹಾಕಿದ.

ಇದೆಲ್ಲ ಪುಕ್ಕಟೆ ಉಳಿದದ್ದಲ್ಲ. ಸಮಗಾರ ಹರಳಯ್ಯನ ಮಗನಿಗೆ, ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೆ ಮದುವೆಯಾಯಿತು. ಅದಕ್ಕೆ ಇಬ್ಬರು ಬೀಗರೂ ಪ್ರಾಣ ತೆತ್ತರು ಅಂತ ಶರಣ ಪರಂಪರೆ ಹೇಳುತ್ತದೆ. ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಮುಂದೆ ಎಷ್ಟೋ ಶತಮಾನ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಮಠ, ಮನೆಗಳ ಅಟ್ಟದಲ್ಲಿದ್ದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಊರೂರು ತಿರುಗಿ ಅವನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಅಚ್ಚುಕೂಟಕ್ಕಾಗಿ ಇದ್ದ ಮನೆಯನ್ನೂ ಮಾರಿದರು.

ಈಗ ಗುಹೆಗಳಲ್ಲಿ ಶರಣರಿಗೆ ಕಾಯಿ ಒಡೆದು ಕೈ ಮುಗಿಯುತ್ತೇವೆ. ಮುಗಿಯೋಣ, ಬೇಡ ಅನ್ನಲ್ಲ. ಆದರೆ ದೇವರಾದವರ ಕಸುಬು ಬೇಗ ಮರೆತುಹೋಗುತ್ತದೆ. ಹೊಸ ಮಂಟಪದಲ್ಲಿ ಅಡಿಗಲ್ಲು ಹಾಕಿದವರ ಹೆಸರು ಹೇಗೂ ಇರುತ್ತದೆ. ಗಾರೆ ಕಲಸಿದವರು, ಕಲ್ಲು ಹೊತ್ತವರು, ಕಬ್ಬಿಣ ಕಟ್ಟಿದವರು, ಅವರ ಹೆಸರನ್ನೂ ಕಸುಬಿನ ಸಮೇತ ಒಂದು ಗೋಡೆಯ ಮೇಲೆ ಕೆತ್ತಿಸಲಿ. ಚೌಡಯ್ಯ ಬರೆದುಕೊಂಡನಲ್ಲ, ಹಾಗೆ.